ಬೋರಲಿಂಗನ ಮಜ್ಜಿಗೆ ಅನ್ನ

ಸಿನಿಮಾ ಪಾತ್ರವೊಂದರ ಬಗ್ಗೆ ಅಭಿಮಾನಿ ಕೊಟ್ಟ ಸಲಹೆ ಅಂಗೀಕಾರವಾದರೆ, ಆ ಪಾತ್ರ ಪರದೆಯಿಂದಿಳಿದು ಸಲಹೆ ಕೊಟ್ಟವರ ಮನೆಗೆ ಊಟಕ್ಕೆ ಬರುವುದು ವಾಡಿಕೆ. ಹಾಗಾಗಿ ಈ ಭಾನುವಾರ, ‘ಸಾಹಸಿ ರುದ್ರಾಂಕ’ ಚಿತ್ರಮಾಲೆಯಲ್ಲಿ ನಾಯಕನ ಜೊತೆಗಾರನಾದ ಬೋರಲಿಂಗ ನಮ್ಮ ಮನೆಗೆ ಬಂದ. ಹಿಂದಿನ ಸಲಹೆಗಳೆಲ್ಲ ಅವನ ಮೈಮೇಲೆಯೇ ಇದ್ದವು. ಕಣ್ಣುಗಳು ಕತ್ತಲಲ್ಲಿ ಹೊಳೆಯುತ್ತಿದ್ದವು; ಬೆನ್ನಿನಿಂದ ಮೂರನೆಯ ಕೈಯೊಂದು ಹೊರಟಿತ್ತು. ಆ ಕೈಯಿಂದಲೇ ಅವನು ಹಪ್ಪಳ ಮುರಿದ.

“ಸಾರು ಇನ್ನೊಂಚೂರು ಹಾಕ್ಲೇನಪ್ಪಾ?” ಎಂದರು ಅಮ್ಮ.

“ಹಾಕಿ ತಾಯಿ. ನನ್ನ ಊಟ ಯಾವಾಗ್ಲೂ ಸಾರಿಗೇ ಮುಗಿಯೋದು. ಅಷ್ಟೊತ್ತಿಗೆ ರುದ್ರಾಂಕಣ್ಣ ಸಿಳ್ಳೆ ಹೊಡೀತಾರೆ, ಕಾಲು ತಾನಾಗೇ ಓಡ್ತದೆ. ಮಜ್ಜಿಗೆ ಅನ್ನ ಹೆಂಗಿರ್ತದೋ ಗೊತ್ತಿಲ್ಲ.”

ಮುಂದಿನ ಚಿತ್ರದಲ್ಲಿ ನಾಯಕನತ್ತ ಬರುವ ಗುಂಡಿಗೆ ಬೋರಲಿಂಗ ಎದೆಯೊಡ್ಡಿ ಸಾಯಬೇಕೆಂದು ಸಾವಿರಾರು ಮಂದಿ ಕೇಳಿದ್ದರು. ಅದೂ ಅಂಗೀಕಾರವಾಗಿತ್ತು. ನಾನು ಕೇಳಿದ್ದು ಇಷ್ಟೇ: ಬೋರಲಿಂಗನಿಗೆ ‘ಬರುವುದಿಲ್ಲ’ ಎನ್ನುವ ಶಕ್ತಿ ಇರಬೇಕು. ಅದು ಫಲಿಸಿದೆಯೇ ಎಂದು ಯಾರೂ ಪರೀಕ್ಷಿಸಿರಲಿಲ್ಲ.

ಹೊರಗೆ ಸಿಳ್ಳೆ ಕೇಳಿಸಿತು. ಬೋರಲಿಂಗ ಎಲೆಯ ಮುಂದಿನಿಂದ ಥಟ್ಟನೆ ಎದ್ದು ನಿಂತ. ಮೂರನೆಯ ಕೈ ಆಗಲೇ ಬಾಗಿಲ ಚಿಲಕದತ್ತ ಚಾಚಿತ್ತು.

“ಅಣ್ಣಾ, ನಾನು ಬರಲ್ಲ! ಊಟ ಮಾಡ್ತಿದೀನಿ!” ಎಂದು ಕೂಗಿದ. ಕೂಗಿ, ತನ್ನ ದನಿಗೆ ತಾನೇ ಬೆಚ್ಚಿದ.

ತುಸು ಹೊತ್ತಿನ ಬಳಿಕ ರುದ್ರಾಂಕನ ಜೀಪು ಅವನೊಬ್ಬನನ್ನೇ ಕೂರಿಸಿಕೊಂಡು ಹೊರಟುಹೋದ ಸದ್ದಾಯಿತು. ಬೋರಲಿಂಗ ಮೆಲ್ಲಗೆ ಕುಳಿತ. ಅಮ್ಮ ಅನ್ನದ ಮೇಲೆ ಮಜ್ಜಿಗೆ ಸುರಿದರು. ಅವನು ಒಂದು ತುತ್ತು ಉಂಡು, ಕಣ್ಣು ಮುಚ್ಚಿ, ಎಂಜಲು ಕೈಯನ್ನು ಎಲೆಯಲ್ಲೇ ಬಿಟ್ಟು, ಉಳಿದೆರಡನ್ನು ಜೋಡಿಸಿ ನನಗೆ ಕೈಮುಗಿದ.