ಗ್ರಹಗಳ ಹಾಡು

ಎಂಟು ಗ್ರಹಗಳನ್ನು ಹೆಸರಿಸಿ ಎಂಬ ಪ್ರಶ್ನೆಗೆ ತರಗತಿಯ ಇಪ್ಪತ್ತೆಂಟು ಮಕ್ಕಳೂ ಏಳನ್ನೇ ಬರೆದಿದ್ದರು. ಯಾರ ಉತ್ತರದಲ್ಲೂ ಯುರೇನಸ್ ಇರಲಿಲ್ಲ.

"ಇದು ಸಾಮೂಹಿಕ ನಕಲು ಮೇಡಂ. ಎಲ್ಲರನ್ನೂ ಫೇಲ್ ಮಾಡ್ತೀನಿ," ಎಂದರು ತಪಾಸಣೆಗೆ ಬಂದಿದ್ದ ಶಿಕ್ಷಣಾಧಿಕಾರಿ.

"ನಕಲಲ್ಲ ಸಾರ್. ನಮ್ಮ ಮಕ್ಕಳಿಗೆ ಓದಿದ್ದು ನಿಲ್ಲಲ್ಲ, ಹಾಡಿದ್ದು ನಿಲ್ಲುತ್ತೆ. ಗ್ರಹಗಳನ್ನೂ ಹಾಡಿನಲ್ಲೇ ಕಲಿಸಿದ್ದೀನಿ. ಯಾರನ್ನಾದರೂ ಕರೆದು ಹಾಡಿಸಿ ನೋಡಿ." ಟೀಚರ್ ಮಕ್ಕಳತ್ತ ಕೈ ತೋರಿದರು.

ಅಕ್ಷರ ಕೂಡಿಸಲು ತಡವರಿಸುವ ಹುಡುಗಿಯೊಬ್ಬಳನ್ನು ಅಧಿಕಾರಿ ಕರೆದರು. ಅವಳು ತೊಡೆ ತಟ್ಟಿಕೊಂಡು ಬುಧನಿಂದ ನೆಪ್ಚೂನ್‌ವರೆಗೆ ಒಂದೇ ಉಸಿರಿಗೆ ಹಾಡಿದಳು.

ಅಧಿಕಾರಿಯ ಮುಖ ಸಡಿಲಾಯಿತು. "ಭೇಷ್! ನಕಲಲ್ಲ, ಒಪ್ಪಿದೆ. ಆದ್ರೆ ಯುರೇನಸ್ ಯಾಕಮ್ಮ ಬಿಟ್ಟೆ?"

"ನಾನ್ ಬಿಟ್ಟಿಲ್ಲ ಸಾ. ತಾಳಕ್ಕೆ ಕೂರ್ತಿಲ್ಲ, ಆಮೇಲೆ ಸೇರಿಸೋಣ ಅಂತ ಮಿಸ್ಸೇ ಬಿಟ್ಟಿದ್ರು."