ಮಗಳಿಗಾಗಿ ಒಂದು ಸರ್ವರ್

ಹೆಂಡತಿ ಮಗಳನ್ನು ಕರೆದುಕೊಂಡು ಬೇರೆ ಮನೆ ಮಾಡಿದ ಮೇಲೆ ವಾಗೀಶನಿಗೆ ಹೊಳೆದದ್ದು ಒಂದೇ ದಾರಿ. ಮಗಳು ಇಂಚರಾಳಿಗೆ ಇಟ್ಟಿಗೆ ಜೋಡಿಸಿ ಊರು ಕಟ್ಟುವ ಕಂಪ್ಯೂಟರ್ ಆಟವೆಂದರೆ ಪ್ರಾಣ. ಇಬ್ಬರೂ ಒಟ್ಟಿಗೆ ಆಡಲು ಅದಕ್ಕೆ ತಾನೇ ಒಂದು ಸರ್ವರ್ ನಡೆಸಿದರೆ ಅವಳನ್ನು ದಿನವೂ ಅಲ್ಲಿ ಭೇಟಿಯಾಗಬಹುದು.

ಹಳೆಯ ಕಂಪ್ಯೂಟರಿಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ. ಕಪ್ಪು ಪರದೆಯಲ್ಲಿ ಟೈಪ್ ಮಾಡುವ ಆದೇಶದಲ್ಲಿ ಒಂದಕ್ಷರ ತಪ್ಪಿದರೂ ಅದು ಒಪ್ಪುತ್ತಿರಲಿಲ್ಲ. ಮನೆಯಲ್ಲಿ ಮಿಕ್ಸಿ ಕೆಟ್ಟರೆ ತಿರುಗಿಯೂ ನೋಡದಿದ್ದ ಮನುಷ್ಯ ವಾರಗಟ್ಟಲೆ ಕೂತು ಕಲಿತ. ಬೇಕಾದ ಸಾಫ್ಟ್‌ವೇರ್‌ಗಳನ್ನು ಹಾಕಿ, ತೆಗೆದು, ಮತ್ತೆ ಹಾಕಿದ. ಕೊನೆಗೊಮ್ಮೆ ಸರ್ವರ್ ಓಡಿತು. ಮಗಳ ಫೋನಿಗೆ ಅದರ ವಿಳಾಸ ಕಳಿಸಿದ.

ಮರುದಿನ ಸಂಜೆ ಪರದೆಯ ಮೇಲೆ ಇಂಚರಾಳ ಹೆಸರು ಕಾಣಿಸಿತು. ಅವನ ಕಣ್ಣು ತುಂಬಿತು. ಇಬ್ಬರೂ ಸೇರಿ ಕೆರೆ ಪಕ್ಕ ಮನೆ ಕಟ್ಟತೊಡಗಿದರು. ಮಾತೆಲ್ಲ ಟೈಪ್ ಮಾಡಿಯೇ.

"ಅಮ್ಮ ಈಗಲೂ ರೇಗ್ತಾಳಾ?" ಎಂದು ಒಂದು ದಿನ ಕೇಳಿದ.

"ಕಡಿಮೆಯಾಗಿದೆ."

"ತಪ್ಪು ನಂದೇ ಇತ್ತು. ಅವಳ ಮುಂದೆ ಹೇಳೋಕೆ ಬಾಯಿ ಬರಲ್ಲ. ನೀನೂ ಹೇಳ್ಬೇಡ."

ಉತ್ತರ ತುಂಬ ತಡವಾಗಿ ಬಂತು. "ಹೇಳಲ್ಲ. ಅಡುಗೆಮನೆ ಕಿಟಕಿ ಸ್ವಲ್ಪ ದೊಡ್ಡದಿರಲಿ."

ಭಾನುವಾರ ಅವನು ಮಗಳಿಗೆ ಫೋನ್ ಮಾಡಿದ. "ಕಿಟಕಿ ಆಯ್ತು ಪುಟ್ಟಿ. ಇವತ್ತು ಮಹಡಿ ಶುರು ಮಾಡೋಣ."

"ಯಾವ ಮಹಡಿ ಅಪ್ಪಾ? ನಾನು ಆ ಆಟ ಬಿಟ್ಟು ಎಷ್ಟೋ ದಿನ ಆಯ್ತು. ನೀನು ವಿಳಾಸ ಕಳಿಸಿದ ದಿನವೇ ಅಮ್ಮ ನನ್ನ ಪಾಸ್‌ವರ್ಡ್ ಇಸ್ಕೊಂಡ್ಲು."