ಲೋಹದ ಹೃದಯದ ಅಪ್ಪ

ವಿಡಿಯೊ ಗೇಮ್‌ನ ಕನ್ನಡ ಡಬ್ಬಿಂಗ್ ಕೊನೆಯ ದೃಶ್ಯಕ್ಕೆ ಬಂದಿತ್ತು. ಮನುಷ್ಯರೆಲ್ಲ ಅರ್ಧ ಯಂತ್ರಗಳಾಗಿಬಿಟ್ಟಿರುವ ಮುಂದೆಂದೋ ಒಂದು ಕಾಲದ ನಗರ. ಅಲ್ಲಿ ಅಪ್ಪನೊಬ್ಬ ತನ್ನ ಲೋಹದ ಹೃದಯವನ್ನು ಕಿತ್ತು, ಸಾಯುತ್ತಿರುವ ಮಗಳ ಎದೆಗೆ ಜೋಡಿಸಿ, ‘ಹೋಗ್ತೀನಿ ಮಗಳೇ’ ಅನ್ನಬೇಕು. ಧ್ವನಿ ಕೊಡುತ್ತಿದ್ದ ವಾಮನರಾಯರು ಮಾತ್ರ ನಾಲ್ಕು ಟೇಕಿನಲ್ಲೂ ‘ಹೋಗಿ ಬರ್ತೀನಿ ಮಗಳೇ’ ಎಂದೇ ಹೇಳಿದರು.

ನಿರ್ದೇಶಕಿ ಮೇದಿನಿಗೆ ತಾಳ್ಮೆ ತಪ್ಪಿತು. ಸ್ಟುಡಿಯೊ ಗಾಜಿನ ಈಚೆಯಿಂದ ಮೈಕಿನಲ್ಲಿ ಕೇಳಿದಳು.

“ಸರ್, ಅವನು ಸಾಯ್ತಿದಾನೆ. ಇನ್ನೆಲ್ಲಿಂದ ಬರ್ತಾನೆ? ಬರೆದಿರೋದನ್ನ ಹೇಳಿ, ಸಾಕು.”

“ಹೊರಡೋವಾಗ ಹಾಗನ್ಬಾರ್ದು ಮೇಡಂ.”

“ಇದು ಆಟ ಸರ್. ಇದಕ್ಕೂ ಶಕುನ ನೋಡ್ತೀರಾ?”

ಗದರಿದ್ದು ಹೆಚ್ಚಾಯಿತೇನೋ ಅನ್ನಿಸಿ ಅವಳು ದನಿ ತಗ್ಗಿಸಿದಳು.

“ನಿಮಗೂ ಮಗಳಿದಾಳಲ್ವಾ? ಅವಳ ಹತ್ರ ಹೇಳೋ ಥರ ಹೇಳಿ.”

ರಾಯರು ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ದಿನಾ ‘ಹೋಗಿ ಬರ್ತೀನಿ ಅನ್ನು’ ಅಂತ ಅವಳ ಮಾತು ತಿದ್ದಿ ಕಳಿಸ್ತಿದ್ದೆ ಮೇಡಂ. ಅವತ್ತು ಸ್ಕೂಲ್ ಬಸ್ ಬಂತು ಅಂತ ‘ಹೋಗ್ತೀನಪ್ಪ’ ಅಂದ್ಲು. ನಾನು ಪೇಪರಿಂದ ತಲೇನೂ ಎತ್ತದೆ, ‘ಹೂಂ, ಹೋಗು’ ಅಂದ್ಬಿಟ್ಟೆ.”